ಏಳನೇ ಬಾಟಲಿ

ವಿಶ್ವವಿದ್ಯಾಲಯದ ಲಿಫ್ಟಿಗೆ ರಸಾಯನಶಾಸ್ತ್ರದ ಮೇಡಂ, ಸಮಾಜಶಾಸ್ತ್ರದ ಮೇಡಂ ಹತ್ತಿದರು. ಲಿಫ್ಟಿನವನು ಗುಂಡಿ ಒತ್ತಿ, ಗೋಡೆ ನೋಡುತ್ತಾ ಕಿವಿಯನ್ನಷ್ಟೇ ಅವರತ್ತ ಬಿಟ್ಟ.

“ಕೆರೆ ವರದಿಯಿಂದ ಡೈರೆಕ್ಟರು ನಮ್ಮಿಬ್ಬರ ಹೆಸರೂ ಕಿತ್ತುಹಾಕಿದ್ದಾರಲ್ಲೇ!” ಎಂದರು ಸಮಾಜಶಾಸ್ತ್ರದವರು.

“ಹಾಕಲಿ. ನಾನು ಪರೀಕ್ಷಿಸಿದ ಏಳನೇ ಬಾಟಲಿ ನೀರಿನ ಫಲಿತಾಂಶ ನೋಡಿ, ಕೆರೆ ಶುದ್ಧವಾಯ್ತು ಅಂತ ಬರೆದಿದ್ದಾರೆ.”

“ಅದು ಹೋಲಿಸೋಕೆ ಇಟ್ಟಿದ್ದ ನಲ್ಲಿ ನೀರಲ್ವಾ?”

“ಹ್ಞೂಂ. ನನ್ನನ್ನ ಕೇಳಿದ್ರೆ ಹೇಳ್ತಿದ್ದೆ.”

“ಈಗಲಾದ್ರೂ ಹೇಳೇ, ಪಾಪ. ಇವತ್ತು ಎಲ್ಲಾ ವಿಭಾಗದವರ ಮುಂದೆ ಭಾಷಣ ಮಾಡ್ತಾರೆ.”

“ಮೂರು ವರ್ಷ ಕೆಸರಲ್ಲಿ ನಿಂತವಳು ನಾನು. ಮಾಡಿದ್ದುಣ್ಣೋ ಮಹರಾಯ!”

ರಸಾಯನಶಾಸ್ತ್ರದ ಮೇಡಂ ಚೀಲದಿಂದ ಹಸಿರು ನೀರಿನ ಬಾಟಲಿ ತೆಗೆದರು.

“ಇದು ನಿಜವಾದ ಕೆರೆ ನೀರು. ಭಾಷಣ ಮುಗೀಲಿ, ವೇದಿಕೆ ಮೇಲೇ ಬಗ್ಗಿಸಿ ಕೊಡ್ತೀನಿ. ಶುದ್ಧ ಅಂದವರೇ ಕುಡೀಲಿ.”

ಬಾಗಿಲು ತೆರೆಯಿತು. ಸಮಾಜಶಾಸ್ತ್ರದ ಮೇಡಂ ಸಭಾಂಗಣದತ್ತ ಮೊದಲು ಹೆಜ್ಜೆ ಹಾಕುತ್ತಾ ಅಂದರು,

“ತಡಿ, ದೊಡ್ಡ ಲೋಟ ನಾನು ತರ್ತೀನಿ.”