ಮಾಗಳದ ಮೈಲಮ್ಮನಿಗೆ ನಾನು ಹಾಕಿದ ಸೊನ್ನೆ

ಈ ಸಭೆಯ ಅಧ್ಯಕ್ಷರೂ, ಏಳನೆಯ ತರಗತಿಯಲ್ಲಿ ನನಗೆ ಗಣಿತ ಕಲಿಸಲು ಪಟ್ಟ ಪಾಡನ್ನು ಇನ್ನೂ ಮರೆಯದವರೂ ಆದ ಪಕ್ಕೀರಪ್ಪ ಮೇಷ್ಟ್ರೇ, ಹಡಗಲಿಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದಿರುವ ಮುಖ್ಯ ಅತಿಥಿಗಳೇ, ಹಳೆಯ ವಿದ್ಯಾರ್ಥಿ ಸಂಘದ ಪದಾಧಿಕಾರಿಗಳೇ, ಊಟಕ್ಕೆ ಇನ್ನೂ ಹೊತ್ತಿದೆ ಎಂದು ತಿಳಿದೂ ಎದ್ದು ಹೋಗದ ಕೊಟ್ಟೂರಿನ ಸಭಿಕರೇ,

ಲಾರಿ ಮೆಕ್ಯಾನಿಕ್ ದಾವಲ್ ಸಾಬರ ಮಗ ಮೌಲಾಹುಸೇನ ಡಾಕ್ಟರ್ ಆಗಿ ಊರಿಗೆ ಹೆಸರು ತಂದ ಎಂದು ಈಗಷ್ಟೇ ಕಾರ್ಯದರ್ಶಿಗಳು ಹೇಳಿದರು. ಆ ಮಾತು ಕೇಳಿದ ಕೂಡಲೇ ಮುಂದಿನ ಸಾಲಿನ ಹಿರಿಯರೊಬ್ಬರು ಮೊಣಕಾಲು ಉಜ್ಜಿಕೊಂಡದ್ದನ್ನು ನೋಡಿದೆ. ಮೊದಲೇ ಹೇಳಿಬಿಡುತ್ತೇನೆ, ನಾನು ಔಷಧಿ ಕೊಡುವ ಡಾಕ್ಟರಲ್ಲ. ವಯಸ್ಸಾದವರ ಮನಸ್ಸು ಹೇಗಿರುತ್ತದೆ ಎಂದು ಹನ್ನೊಂದು ವರ್ಷ ಪ್ರಶ್ನೆ ಕೇಳುತ್ತಾ ತಿರುಗಿದವನು. ಈಗ ನನಗೇ ನಲವತ್ತು ದಾಟಿದೆ. ಇನ್ನೊಂದಿಪ್ಪತ್ತು ವರ್ಷ ಕಳೆದರೆ ಊರೆಲ್ಲ ತಿರುಗುವ ಶ್ರಮವಿಲ್ಲದೆ ಮನೆಯಲ್ಲೇ ಸಂಶೋಧನೆ ಮುಂದುವರಿಸಬಹುದು.

ಸಂಶೋಧನೆ ಎಂದರೇನು, ಸಭಿಕರೇ? ೧೯೭೭ರಲ್ಲಿ ನನ್ನ ಪಾಲಿಗೆ ಅದು ಮೂವತ್ತು ಪ್ರಶ್ನೆಗಳ ಒಂದು ಅಚ್ಚಾದ ನಮೂನೆ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ಅರವತ್ತು ದಾಟಿದ ಮುನ್ನೂರು ಜನರಿಗೆ ಅದೇ ಮೂವತ್ತು ಪ್ರಶ್ನೆ ಕೇಳಬೇಕು, ಒಂದು ವರ್ಷ ಬಿಟ್ಟು ಮತ್ತೆ ಕೇಳಬೇಕು, ಅಂಕ ಎಷ್ಟು ಇಳಿಯಿತು ಎಂದು ಗೆರೆ ಎಳೆಯಬೇಕು. ದೇಶದ ಪ್ರಧಾನಿ ಯಾರು ಎಂಬುದು ಏಳನೆಯ ಪ್ರಶ್ನೆ. ನಮೂನೆ ಅಚ್ಚಾದಾಗ ಒಬ್ಬರಿದ್ದರು, ನಾನು ಹಳ್ಳಿ ಮುಟ್ಟುವಷ್ಟರಲ್ಲಿ ಚುನಾವಣೆ ಮುಗಿದು ಇನ್ನೊಬ್ಬರಾಗಿದ್ದರು. ನನ್ನ ಕೈಯಲ್ಲಿದ್ದ ಉತ್ತರದ ಹಾಳೆ ಮಾತ್ರ ಹಳೆಯದೇ. ಸರಿಯಾದ ಉತ್ತರ ಕೊಟ್ಟ ಒಂಬತ್ತು ಮಂದಿಗೆ ನಾನು ಸೊನ್ನೆ ಹಾಕಿದ್ದು ಆಮೇಲೆ ಗೊತ್ತಾಯಿತು. ನಗಬೇಡಿ, ಆ ಒಂಬತ್ತರಲ್ಲಿ ಇಬ್ಬರು ಕೊಟ್ಟೂರಿನವರು.

ಹಾಗೆ ಹೊಳೆದಂಡೆಯ ಮಾಗಳಕ್ಕೂ ಹೋದೆ. ಅಲ್ಲಿ ಮೈಲಮ್ಮ ಎಂಬ ಸೂಲಗಿತ್ತಿ. ವಯಸ್ಸು ಎಪ್ಪತ್ತರ ಸುಮಾರು. ಕೈಯಲ್ಲಿ ಮೊರ, ಮೊರದಲ್ಲಿ ಜೋಳ. ನಾನು ಪೆನ್ನಿನ ಮುಚ್ಚಳ ತೆಗೆದು ಶುರು ಮಾಡಿದೆ.

"ಇವತ್ತ ಯಾವ ವಾರ ಐತಿ, ಅವ್ವಾ?"

"ಅದೂ ಗೊತ್ತಿಲ್ಲದ ಇಲ್ಲಿತನಕ ಹೆಂಗ ಬಂದೆಪ್ಪಾ?"

"ನೂರರಾಗ ಏಳು ತಗದ್ರ ಎಷ್ಟು ಉಳೀತಾವು?"

"ಏನು ನೂರು?"

"ಏನರ ಇರ್ಲಿ."

"ಏನಂತ ಗೊತ್ತಿಲ್ಲದ್ದನ್ನ ನಾ ಹೆಂಗ ತಗೀಲಿ? ಸರಿ ಆ ಕಡೆ, ಬಿಸಲು ಬೀಳವಲ್ದು."

ಮೂವತ್ತಕ್ಕೆ ನಾಲ್ಕು ಅಂಕ ಕೊಟ್ಟೆ. ನಾಲ್ಕು ಕೊಟ್ಟದ್ದು ನನ್ನ ಔದಾರ್ಯ ಎಂದುಕೊಂಡಿದ್ದೆ. ಹೊರಡುವಾಗ ಆಕೆಯ ಮಗ ಚೌಡಣ್ಣ ಓಣಿಯ ತಿರುವಿನವರೆಗೆ ಬಂದ. "ಅವ್ವ ಪಾಸಾದಳೇನ್ರಿ ಸಾಹೇಬ್ರ?" ಎಂದು ಕೇಳಿದ. ನಾನು ಹೇಳದಿದ್ದರೂ ನಡೆಯುತ್ತಿತ್ತು, ನಿಯಮದ ಪ್ರಕಾರ ಹೇಳಲೇಬಾರದಿತ್ತು. ಆದರೆ ಜೀವನದಲ್ಲಿ ಮೊದಲ ಸಲ ಒಬ್ಬರು ನನ್ನನ್ನು ಸಾಹೇಬ್ರ ಎಂದಿದ್ದರು. "ಮರೆವಿನ ಕಾಯಿಲೆ ಶುರು ಆಗೈತಿ. ಒಲಿ ಹತ್ರ ಬಿಡಬ್ಯಾಡ್ರಿ. ಒಬ್ಬಾಕಿನ್ನೇ ಎಲ್ಲಿಗೂ ಕಳಸಬ್ಯಾಡ್ರಿ" ಎಂದು ಹೇಳಿ ಬಸ್ಸು ಹತ್ತಿದೆ.

ಮರುವರ್ಷ ಹೋದಾಗ ಮೈಲಮ್ಮ ಹಿಂದಿನ ಕೋಣೆಯಲ್ಲಿ ಹೊರಸಿನ ಮೇಲೆ ಕುಳಿತಿದ್ದಳು. ಚೌಡಣ್ಣ ಒಳ್ಳೆಯ ಮಗ. ನಾನು ಹೇಳಿದ್ದನ್ನು ಒಂದಕ್ಷರ ಬಿಡದೆ ಪಾಲಿಸಿದ್ದ. ಒಲೆ ಮುಟ್ಟಿಸಿರಲಿಲ್ಲ, ಹೊಸ್ತಿಲು ದಾಟಿಸಿರಲಿಲ್ಲ. ತಲೆ ಕೆಟ್ಟವಳ ಕೈಗೆ ಬಸುರಿಯನ್ನು ಕೊಡುವವರು ಯಾರು? ಹೆರಿಗೆಗೆ ಕರೆಯುವುದನ್ನು ಊರೂ ಬಿಟ್ಟಿತ್ತು. ನಾನು ಮೂವತ್ತು ಪ್ರಶ್ನೆಗಳನ್ನೂ ಕೇಳಿದೆ. ಆಕೆ ಒಂದಕ್ಕೂ ಬಾಯಿ ತೆರೆಯಲಿಲ್ಲ, ಬೈಯಲೂ ಇಲ್ಲ. ಸೊನ್ನೆ ಹಾಕಿದೆ. ಒಂದೇ ವರ್ಷದಲ್ಲಿ ಸೊನ್ನೆ ಮುಟ್ಟಿದ ಗೆರೆ ಮುನ್ನೂರು ಜನರಲ್ಲಿ ಇನ್ನೊಬ್ಬರದಿರಲಿಲ್ಲ. ನಿಜ ಹೇಳಲೇ? ನನಗೆ ಖುಷಿಯಾಯಿತು.

ಆ ಖುಷಿಯಲ್ಲೇ ಕೊಟ್ಟೂರಿಗೆ ಬಂದು ಅಪ್ಪನಿಗೆ ಹೇಳಿದೆ. ನಮ್ಮ ಗ್ಯಾರೇಜಿನಲ್ಲಿ ಗಿರಾಕಿಗಳಿಲ್ಲದಾಗ ಮನೆಯ ಉರ್ದು, ಗಿರಾಕಿಗಳಿದ್ದಾಗ ಕನ್ನಡ. ಅವತ್ತು ನನ್ನ ದುರದೃಷ್ಟಕ್ಕೆ ಮೂವರು ಗಿರಾಕಿಗಳಿದ್ದರು. ಅಪ್ಪ ಲಾರಿಯ ಅಡಿಯಿಂದ ತಲೆಯನ್ನಷ್ಟೇ ಹೊರಗೆ ಹಾಕಿ ಎಲ್ಲರಿಗೂ ಅರ್ಥವಾಗುವ ಭಾಷೆಯಲ್ಲಿ ಕೇಳಿದರು:

"ಆಕಿ ಚಲೋ ಓಡೋ ಗಾಡಿ ಇದ್ದಳಲ್ಲಲೇ. ಕೆಟ್ಟೈತಿ ಅಂದು ವರ್ಷಗಟ್ಲೆ ನಿಲ್ಲಿಸಿದ್ರ ಯಾವ ಇಂಜಿನ್ನು ಉಳದೈತಿ? ನಿಲ್ಲಿಸಿದಾಂವ ನೀನ. ಹೋಗಿ ಚಾಲೂ ಮಾಡಿ ಬಾ."

ಮೂವರು ಗಿರಾಕಿಗಳೂ ತಲೆಯಾಡಿಸಿದರು.

ಮರುದಿನವೇ ಮಾಗಳಕ್ಕೆ ಹೋಗಿ ಚೌಡಣ್ಣನಿಗೆ ಹೇಳಿದೆ, ನನ್ನದೇ ತಪ್ಪು, ಅವ್ವ ನೆಟ್ಟಗಿದ್ದಾಳೆ ಎಂದು. ಆತ ನಂಬಲಿಲ್ಲ. "ಆವಾಗ ಕಾಗದದ ಮ್ಯಾಲೆ ಬರಕೊಂಡು ಹೇಳಿದ್ರಿ. ಈಗ ಬರೇ ಬಾಯಿಲೆ ಹೇಳಾಕತ್ತೀರಿ. ಯಾವುದು ಖರೇ ಅನ್ಲಿ?" ಎಂದ. ನ್ಯಾಯವಾದ ಮಾತು. ಹಡಗಲಿಗೆ ಹೋಗಿ 'ಸಂಶೋಧಕ' ಎಂದು ರಬ್ಬರ್ ಸ್ಟಾಂಪು ಮಾಡಿಸಿದೆ. ಮೈಲಮ್ಮನ ಬುದ್ಧಿ ಸರಿಯಾಗಿದೆ ಎಂದು ಬರೆದು ಎರಡೆರಡು ಕಡೆ ಸ್ಟಾಂಪು ಒತ್ತಿ ಕೊಟ್ಟೆ. ನನ್ನ ಬುದ್ಧಿಯ ಬಗ್ಗೆ ಅಂಥದ್ದೊಂದು ಕಾಗದ ಇವತ್ತಿಗೂ ಯಾರೂ ಕೊಟ್ಟಿಲ್ಲ.

ಚೌಡಣ್ಣ ಅದನ್ನು ಓಣಿಯಲ್ಲೆಲ್ಲ ತೋರಿಸಿದ. ಮೈಲಮ್ಮ ಮಾತ್ರ ಹೊರಸು ಬಿಟ್ಟು ಏಳಲಿಲ್ಲ. ನಾನು ಮಾಗಳದಲ್ಲೇ ಉಳಿದೆ. ದಿನವೂ ಹೋಗಿ ಆಕೆಯ ಹತ್ತಿರ ಕೂರುತ್ತಿದ್ದೆ, ಏನೂ ಕೇಳುತ್ತಿರಲಿಲ್ಲ. ನಾಲ್ಕನೆಯ ದಿನ ಪಕ್ಕದ ಮನೆಯ ಬಸುರಿ ಜೋಗಮ್ಮ ಮಜ್ಜಿಗೆಗೆಂದು ಬಂದಳು. ಮೈಲಮ್ಮ ಆಕೆಯ ಹೊಟ್ಟೆಯನ್ನೇ ನೋಡಿದಳು.

"ಕೂಸು ಇನ್ನಾ ತಿರುಗಿಲ್ಲ. ಇಲ್ಲಿ ಬಾ, ಕುಂದ್ರು."

ತಿಂಗಳುಗಳ ಮೇಲೆ ಬಂದ ಮಾತು. ಜೋಗಮ್ಮ ಚೌಡಣ್ಣನ ಮುಖ ನೋಡಿದಳು, ಚೌಡಣ್ಣ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಜೋಗಮ್ಮ ಕುಳಿತಳು. ಮೈಲಮ್ಮ ಎಣ್ಣೆ ಕೇಳಿದಳು.

ಆರು ದಿನದ ಮೇಲೆ ಬೆಳಿಗ್ಗೆ ಜೋಗಮ್ಮನ ಅತ್ತೆ ಓಡಿಬಂದು ಕರೆದಳು. ಮೈಲಮ್ಮ ಎದ್ದು ಹೋದಳು. ಮಧ್ಯಾಹ್ನ ಕೂಸಿನ ಅಳು ಕೇಳಿಸಿತು. ಆಕೆ ಹೊರಗೆ ಬಂದಾಗ ಜಗಲಿಯಲ್ಲಿ ನಾನಿದ್ದೆ.

"ಇನ್ನಾ ನಿನ್ನ ಪ್ರಶ್ನಿ ಉಳದಾವೇನು?"

"ಇಲ್ಲವ್ವಾ."

"ಹಂಗಾರ ತಂಬಿಗಿ ತಗೊಂಡು ಕೈಗೆ ನೀರು ಹಾಕು."

ಹಾಕಿದೆ. ಆಕೆ ಮೊಣಕೈವರೆಗೂ ತೊಳೆದುಕೊಂಡಳು.

ಕಥೆ ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ನಾನೂ ಇಲ್ಲಿಗೇ ನಿಲ್ಲಿಸಬೇಕೆಂದು ಮನೆಯಿಂದ ಹೊರಟಿದ್ದೆ. ಇಷ್ಟು ಹೇಳಿದ ಮೇಲೆ ಉಳಿದದ್ದನ್ನು ನುಂಗಲು ಆಗುತ್ತಿಲ್ಲ.

ಇದನ್ನೆಲ್ಲ ನನ್ನ ಪಿಎಚ್‌ಡಿ ಮಾರ್ಗದರ್ಶಕರಿಗೆ ಹೇಳಿದೆ. "ಹೆರಿಗೆ ಮಾಡಿಸಿದ್ದು ಪ್ರಶ್ನಾವಳಿಯಲ್ಲಿ ಎಲ್ಲಿದೆ? ಎರಡನೆಯ ಭೇಟಿಯ ಅಂಕ ಸೊನ್ನೆ ತಾನೆ? ಅದನ್ನೇ ಇಡಿ" ಎಂದರು. ಇಟ್ಟೆ. ಅವರು ನನ್ನ ಕೈ ಹಿಡಿದು ಬರೆಸಲಿಲ್ಲ. ನನಗೆ ಪದವಿ ಬೇಕಿತ್ತು. ಹೆಣ್ಣು ಕೊಡುವವರಿಗೂ ಡಾಕ್ಟರ್ ಅಳಿಯ ಬೇಕಿತ್ತು. ಪ್ರಬಂಧದ ನೂರ ನಲವತ್ತಮೂರನೆಯ ಪುಟದಲ್ಲಿ ಮೈಲಮ್ಮನ ಗೆರೆ ನಾಲ್ಕರಿಂದ ಸೊನ್ನೆಗೆ ಇಳಿದಿದೆ. ಪರೀಕ್ಷಕರು ಅತಿ ಹೆಚ್ಚು ಮೆಚ್ಚಿದ ಪುಟ ಅದೇ. ಇವತ್ತಿನ ಸನ್ಮಾನದ ಬುಡದಲ್ಲಿರುವುದೂ ಅದೇ.

ಆಕೆ ೧೯೮೪ರಲ್ಲಿ ತೀರಿಕೊಂಡಳು. ಹಿಂದಿನ ತಿಂಗಳವರೆಗೂ ಹೆರಿಗೆ ಮಾಡಿಸಿದಳೆಂದು ಚೌಡಣ್ಣ ಕಾರ್ಡು ಬರೆದಿದ್ದ. ಆಗ ವಿಶ್ವವಿದ್ಯಾಲಯಕ್ಕೆ ಪತ್ರ ಬರೆದೆ, ಆ ಪುಟ ಸುಳ್ಳು, ತಿದ್ದಬೇಕು ಎಂದು. ಒಪ್ಪಿಗೆಯಾದ ಪ್ರಬಂಧ ತಿದ್ದಲು ನಿಯಮವಿಲ್ಲ ಎಂದು ಉತ್ತರ ಬಂತು. ಅದನ್ನು ನೋಡಿ ನನಗೆ ಬೇಸರಕ್ಕಿಂತ ಹೆಚ್ಚು ಹಗುರವೆನಿಸಿತು. ನಾಲ್ಕು ವರ್ಷ ಸುಮ್ಮನಿದ್ದೆ.

ಕಾರ್ಯದರ್ಶಿಗಳೇ, ನಿಮ್ಮ ಸಂಘದ ನಡಾವಳಿ ಪುಸ್ತಕದಲ್ಲಿ ಬರೆಯಲು ಯಾವ ನಿಯಮವೂ ಅಡ್ಡ ಬರುವುದಿಲ್ಲವಲ್ಲ? ದಯವಿಟ್ಟು ಪೆನ್ನು ತೆಗೆಯಿರಿ. ನಿಧಾನವಾಗಿಯೇ ಹೇಳುತ್ತೇನೆ. ಮಾಗಳದ ಮೈಲಮ್ಮನಿಗೆ ಮರೆವಿನ ಕಾಯಿಲೆ ಇರಲಿಲ್ಲ. ಇದೆ ಎಂದು ಬರೆದವನು ಮೌಲಾಹುಸೇನ. ಬರೆದುಕೊಂಡಿರಾ? ಕೆಳಗೆ ಒಂದು ಸಾಲು ಜಾಗ ಬಿಡಿ, ಸಭೆ ಮುಗಿದ ಮೇಲೆ ಸಹಿ ಹಾಕುತ್ತೇನೆ.

ಕೇಳಿಸಿಕೊಂಡ ನಿಮಗೆಲ್ಲ ನಾನು ಋಣಿ. ನಮಸ್ಕಾರ.