ಪೋಷಕರ ಕುರ್ಚಿ

ಇಲ್ಲ ಅಕ್ಕ, ಕೈತಪ್ಪಿ ಬರೆದದ್ದಲ್ಲ. ಹದಿನೆಂಟು ಅಂತಲೇ ಬರೆದದ್ದು. ಆರು ಜನ ‘ಎಲ್ಲರೂ ನೋಡಬಹುದು’ ಅಂತ ಬರೆದ್ರು, ನಾನೊಬ್ಬಳು ಹದಿನೆಂಟು ತುಂಬಿದವರಿಗೆ ಮಾತ್ರ ಅಂದೆ. ಅದಕ್ಕೇ ಅಲ್ವಾ ನೀವು ನನ್ನ ಹಿಂದೆಯೇ ಈ ಟೀ ರೂಮಿಗೆ ಬಂದದ್ದು? ಸೆನ್ಸಾರ್ ಸಮಿತಿಯ ಅಧ್ಯಕ್ಷರು ಸುಮ್ಮನೆ ಯಾರ ಹಿಂದೆಯೂ ಬರಲ್ಲ. ಕೂತ್ಕೊಳ್ಳಿ. ಆ ಕುರ್ಚಿ ಬೇಡ, ಅದರ ಕಾಲು ಅಲ್ಲಾಡುತ್ತೆ, ಈ ಕಡೆ ಬನ್ನಿ. ಟೀ ಹಾಕ್ತೀನಿ.

ನಗ್ತಿದ್ದೀರಾ? ನಗಿ. ಲೈಟ್ ಹಾಕಿದ ಮೇಲೆ ನಮ್ಮ ಸಮಿತಿಯ ವಕೀಲರೂ ನಕ್ಕರು. ಮಕ್ಕಳ ಸಿನಿಮಾಕ್ಕೆ ಹದಿನೆಂಟಾ ಮೇಡಂ, ಅಂತ. ಅವರು ಅರ್ಧ ಸಿನಿಮಾ ಗೊರಕೆ ಹೊಡೆದ್ರಲ್ಲ, ಅದಕ್ಕೆ ಮಾತ್ರ ಯಾರೂ ನಗಲಿಲ್ಲ.

ಕಾರಣ ಬೇಕು ನಿಮಗೆ. ಹೇಳ್ತೀನಿ. ಆಸ್ಪತ್ರೆಯಲ್ಲಿ ಆ ಹುಡುಗಿಯ ಕೈಗೆ ಸೂಜಿ ಚುಚ್ಚೋದನ್ನ ತೋರಿಸ್ತಾರೆ, ರಕ್ತ ಕಾಣುತ್ತೆ... ಹೌದು, ಎರಡೇ ಸೆಕೆಂಡು. ಒಪ್ಕೋತೀನಿ. ಭಾಷೆ? ಡಾಕ್ಟರಿಗೆ ‘ಕತ್ತೆ’ ಅಂತಾಳೆ ಅವಳು. ಹಾಗೆ ನೋಡಬೇಡಿ ಅಕ್ಕ, ಕತ್ತೆ ಅನ್ನೋದು ಬೈಗುಳ ಅಲ್ಲ ಅಂತ ನನಗೂ ಗೊತ್ತು. ಹೋದ ತಿಂಗಳು ಆ ಲಾರಿ ಡ್ರೈವರ್ ಸಿನಿಮಾದಲ್ಲಿ ಬೈಗುಳ ಎಣಿಸಿ ಎಣಿಸಿ ಪೆನ್ನಿನ ಇಂಕೇ ಮುಗಿದಿತ್ತು, ಅದಕ್ಕೆ ಹದಿಮೂರು ತುಂಬಿದ್ರೆ ಸಾಕು ಅಂದವರು ನಾವು.

ಸರಿ. ಆ ದೃಶ್ಯ. ನಿಮಗೂ ಗೊತ್ತು ಯಾವುದು ಅಂತ.

ಹತ್ತು ವರ್ಷದ ಹುಡುಗಿ, ಹಾಸಿಗೆ ಮೇಲೆ. ಅಮ್ಮ ಪಕ್ಕದಲ್ಲಿ ಕೂತು ಕಿತ್ತಳೆ ಸುಲೀತಿದ್ದಾಳೆ. ಹುಡುಗಿ ಕೇಳ್ತಾಳೆ, ಅಮ್ಮ, ನಾನು ಸತ್ತುಹೋಗ್ತೀನಾ? ಅಮ್ಮ ಕಿತ್ತಳೆ ಪಕ್ಕಕ್ಕಿಟ್ಟು, ಹಾಸಿಗೆ ಹತ್ತಿ ಕೂತು, ‘ಹೌದು ಪುಟ್ಟಾ, ಡಾಕ್ಟರು ಹಾಗಂತಾರೆ’ ಅಂತಾಳೆ. ಆಮೇಲೆ ಇಬ್ಬರೂ ಅಳ್ತಾರೆ. ಅಳ್ತಾ ಅಳ್ತಾ ಹುಡುಗಿ ತನ್ನ ಸೈಕಲ್ಲು ಯಾರಿಗೆ ಅಂತ ಕೇಳ್ತಾಳೆ, ಇಬ್ಬರಿಗೂ ನಗು ಬರುತ್ತೆ. ನೀವು ಕನ್ನಡಕ ತೆಗೆದು ಒರೆಸಿದ್ರಿ. ನೋಡಿದೆ ನಾನು.

ಹಾಗೆ ಹೇಳೋ ತಾಯಿ ಎಲ್ಲಿರ್ತಾಳೆ ಅಕ್ಕ? ನೀವೇ ಹೇಳಿ. ಅಷ್ಟು ಸಲೀಸಾಗಿ ನಾಲಿಗೆ ಹೊರಳುತ್ತಾ? ಇದನ್ನ ಎಲ್ಲ ಮಕ್ಕಳೂ ನೋಡಬಹುದು ಅಂತ ಮುದ್ರೆ ಒತ್ತಿದ್ರೆ, ನಾಳೆ ಮನೆಮನೆಯಲ್ಲೂ ಮಕ್ಕಳು ಅಮ್ಮಂದಿರನ್ನ ಕೇಳ್ತಾರೆ. ಏನಂತ ಉತ್ತರ ಕೊಡ್ತಾರೆ ಅವರು?

ನನ್ನ ಮಗಳಿಗೆ ಹದಿನಾಲ್ಕು. ಅವಳಿಗೆ ನಾನು ಇದನ್ನ ತೋರಿಸಲ್ಲ. ಏಳು ಕುರ್ಚೀಲಿ ಒಂದನ್ನ ಮಕ್ಕಳಿರೋ ತಾಯಿಗೋ ತಂದೆಗೋ ಅಂತ ಇಟ್ಟಿರೋದು ಇದನ್ನ ಹೇಳೋಕೇ ತಾನೆ? ಐದು ವರ್ಷ ಆಯ್ತು ನಾನು ಅದರಲ್ಲಿ ಕೂತು. ಪ್ರತಿ ವರ್ಷ ಫಾರ್ಮು ತುಂಬಿ ಕೊಡ್ತೀನಿ, ಮಗುವಿನ ವಯಸ್ಸು ಬರೀತೀನಿ. ಅವಳನ್ನ ನಾನು ಬಲ್ಲೆ. ಉದ್ದ ಆಗಿದ್ದಾಳೆ ಈಗ, ನನ್ನ ಭುಜದವರೆಗೆ ಬರ್ತಾಳೆ. ಗಣಿತ ಅಂದ್ರೆ ಮುಖ ಸಿಂಡರಿಸ್ತಾಳೆ, ಆದ್ರೆ ಮಾತಲ್ಲಿ ಯಾರಿಗೂ ಸೋಲಲ್ಲ. ಇತ್ತೀಚೆಗೆ ಬಾಗಿಲು ಹಾಕ್ಕೊಂಡು ಹಾಡು ಕೇಳೋದು ಕಲಿತಿದ್ದಾಳೆ. ನಾನು ತಟ್ಟಿದ್ರೆ, ಏನಮ್ಮಾ, ಅಂತ ಎಳೀತಾಳೆ...

ಟೀ ಆರ್ತಿದೆ ಅಕ್ಕ. ಕುಡೀರಿ.

ಯಾಕೆ ಲೋಟ ನೋಡ್ತಿದ್ದೀರಿ? ನನ್ನ ಮುಖ ನೋಡಿ ಮಾತಾಡಿ. ಮೊದಲೆಲ್ಲ ಆಗಿದ್ರೆ ಇಷ್ಟು ಹೊತ್ತಿಗೆ ಹತ್ತು ಪ್ರಶ್ನೆ ಕೇಳಿರ್ತಿದ್ರಿ. ಯಾವ ಕ್ಲಾಸು ಈಗ, ಪರೀಕ್ಷೆ ಹೇಗಾಯ್ತು, ಒಂದು ದಿನ ಕರ್ಕೊಂಡು ಬಾರೇ... ಕರ್ಕೊಂಡು ಬಾ ಅಂತ ನೀವು ಕೊನೆಗೆ ಹೇಳಿದ್ದು ಯಾವಾಗ? ಈ ಬೇಸಿಗೆಯಲ್ಲಿ ಹೇಳಲಿಲ್ಲ. ಹೋದ ವರ್ಷ? ಹೋದ ವರ್ಷವೂ ಇಲ್ಲ.

ಗೊತ್ತಾ ನಿಮಗೆ?

ಯಾರು ಹೇಳಿದ್ರು? ...ಬಿಡಿ, ಯಾರು ಹೇಳಿದ್ರೇನು. ಈ ವರ್ಷದ ಫಾರ್ಮಿಗೆ ಸಹಿ ಹಾಕಿದವರು ನೀವೇ. ವಯಸ್ಸು ಹದಿನಾಲ್ಕು ಅಂತ ಬರೆದಿದ್ದೆ. ಗೊತ್ತಿದ್ದೂ ಹಾಕಿದ್ರಾ ಅಕ್ಕ?

...

ಹನ್ನೊಂದು. ಅವಳಿಗೆ ಹನ್ನೊಂದು. ಅವಳು ಹೋಗಿ ಮೂರು ವರ್ಷ ಆಯ್ತು.

ಮೋಸ ಮಾಡಬೇಕು ಅಂತ ಮಾಡಲಿಲ್ಲ. ಮನೇಲಿ ಅವಳ ಹೆಸರು ಯಾರೂ ಎತ್ತಲ್ಲ. ನಾನು ಎತ್ತಿದ್ರೆ ಅವಳಪ್ಪ ಎದ್ದು ಬಾಲ್ಕನಿಗೆ ಹೋಗಿ ನಿಂತ್ಕೋತಾರೆ. ನಾದಿನಿ ಫೋನ್ ಮಾಡಿದ್ರೆ ಬಿಸಿಲಿನ ವಿಷಯ, ತರಕಾರಿ ವಿಷಯ. ನೆಂಟರ ಮಕ್ಕಳಿಗೂ ಹೇಳಿಕೊಟ್ಟಿದ್ದಾರೆ, ಅತ್ತೆ ಮುಂದೆ ಅದನ್ನ ಮಾತಾಡಬೇಡಿ ಅಂತ. ಇಲ್ಲಿ, ಸಿನಿಮಾ ಮುಗಿದು ಲೈಟ್ ಬಂದ ತಕ್ಷಣ ಕೈಗೆ ಹಾಳೆ ಕೊಡ್ತಾರೆ. ಮೊದಲ ಪ್ರಶ್ನೆ ಏನು? ‘ಈ ಚಿತ್ರವನ್ನು ನಿಮ್ಮ ಮಗುವಿಗೆ ತೋರಿಸುವಿರಾ?’ ಅವಳ ಬಗ್ಗೆ ನನ್ನನ್ನ ಯಾರಾದ್ರೂ ಏನಾದ್ರೂ ಕೇಳೋ ಜಾಗ ಅಂತ ಇದ್ದದ್ದು ಇದೊಂದೇ. ನಾನು ಯೋಚನೆ ಮಾಡ್ತಿದ್ದೆ. ಈಗ ಹನ್ನೆರಡು ತುಂಬಿರ್ತಿತ್ತು, ಇದು ಅವಳಿಗೆ ಇಷ್ಟ ಆಗ್ತಿತ್ತು. ಈಗ ಹದಿಮೂರು, ಇದಕ್ಕೆ ಆಕಳಿಸ್ತಿದ್ಲು. ಹಾಗೇ ಆ ಕತ್ತಲಲ್ಲಿ ಕೂತು ಅವಳನ್ನ ಹದಿನಾಲ್ಕರವರೆಗೆ ಬೆಳೆಸಿಕೊಂಡು ಬಂದೆ.

ಇರಿ, ಕಣ್ಣು ಒರೆಸಿಕೊಳ್ತೀನಿ. ಇನ್ನೂ ಮುಗಿದಿಲ್ಲ ಅಕ್ಕ.

ಅವಳೂ ಕೇಳಿದ್ಲು. ಆಸ್ಪತ್ರೇಲಿ, ಹಾಡಹಗಲು, ಕಿಟಕಿ ಪಕ್ಕದ ಹಾಸಿಗೆ. ನಾನು ಅವಳ ಉಗುರು ಕತ್ತರಿಸ್ತಿದ್ದೆ. ಅಮ್ಮ, ನನಗೆ ವಾಸಿ ಆಗಲ್ಲ ಅಲ್ವಾ, ಅಂದ್ಲು. ನಾನೇನಂದೆ ಗೊತ್ತಾ? ‘ಅದೆಲ್ಲ ದೊಡ್ಡವರ ಮಾತು. ನಿನ್ನ ವಯಸ್ಸಿಗೆ ಬೇಡ. ಆ ಕೈ ಕೊಡು’ ಅಂದೆ.

ಕೊಟ್ಲು. ಇನ್ನೊಂದು ಕೈ ಕೊಟ್ಲು.

ಆಮೇಲೆ ಕೇಳಲೇ ಇಲ್ಲ. ಮುಂದಿನ ವರ್ಷ ಯಾವ ಬಣ್ಣದ ಬ್ಯಾಗು ಬೇಕು ಅಂತ ಮಾತಾಡ್ತಿದ್ಲು. ಅವಳಿಗೆ ಏನೂ ಗೊತ್ತಾಗಿಲ್ಲ ಅಂತ ಅವಳಪ್ಪನ ಹತ್ರ ಹೇಳಿದೆ ನಾನು. ಹೆಮ್ಮೆಯಿಂದ ಹೇಳಿದೆ ಅಕ್ಕ.

ಇವತ್ತು ಆರು ಜನ, ಬುದ್ಧಿವಂತರು, ಇದನ್ನ ಯಾವ ಮಗುವಾದ್ರೂ ತಡಕೊಳ್ಳುತ್ತೆ ಅಂತ ಬರೆದ್ರಿ. ಹಾಗಾದ್ರೆ ನನ್ನ ಮಗುವೂ ತಡಕೊಳ್ತಿದ್ಲು. ನಾನು ಹಾಸಿಗೆ ಹತ್ತಿ ಕೂತು ಹೇಳಬಹುದಿತ್ತು. ಸೈಕಲ್ಲು ಯಾರಿಗೆ ಅಂತ ಅವಳೂ ಕೇಳ್ತಿದ್ಲೇನೋ. ಅದನ್ನ ಒಪ್ಪೋಕೆ ಆಗಲಿಲ್ಲ, ಅದಕ್ಕೇ ಹದಿನೆಂಟು ಅಂತ ಬರೆದೆ.

ಆ ಹಾಳೆ ಕೊಡಿ ಇಲ್ಲಿ. ಕೊಡಿ ಅಕ್ಕ, ಪರವಾಗಿಲ್ಲ. ಹದಿನೆಂಟು ಹೊಡೆದುಹಾಕ್ತೀನಿ. ‘ಎಲ್ಲರೂ ನೋಡಬಹುದು.’ ಸಹಿ ಹಾಕಿದ್ದೀನಿ. ಆ ಕುರ್ಚಿಗೆ ಬೇರೆ ಯಾರನ್ನಾದ್ರೂ ಹುಡುಕಿ, ಮನೇಲಿ ಮಕ್ಕಳ ಗಲಾಟೆ ಇರೋರನ್ನ.

ಒಂದು ಮಾತು ಉಳಿದಿದೆ. ಇದನ್ನ ಅವಳಪ್ಪನಿಗೂ ಹೇಳಿಲ್ಲ.

ಅವಳು ಹೋದ ನಾಲ್ಕು ತಿಂಗಳಿಗೆ ಯಾವುದೋ ಕಾಗದಕ್ಕೆ ಆಸ್ಪತ್ರೆಗೆ ಹೋಗಿದ್ದೆ. ಅವಳನ್ನ ನೋಡಿಕೊಂಡಿದ್ದ ನರ್ಸು ಮೆಟ್ಟಿಲ ಹತ್ರ ಸಿಕ್ಕಿದ್ಲು. ಕೈ ಹಿಡ್ಕೊಂಡು ನಿಲ್ಲಿಸಿದ್ಲು. ನಾನು ಊಟಕ್ಕೆ ಕ್ಯಾಂಟೀನಿಗೆ ಇಳಿದಾಗಲೆಲ್ಲ ನನ್ನ ಮಗಳು ಅವಳನ್ನ ಹತ್ತಿರ ಕರೆದು ಎಲ್ಲ ಕೇಳ್ತಿದ್ಲಂತೆ. ನೋವಾಗುತ್ತಾ, ಆಗ ಪಕ್ಕದಲ್ಲಿ ಯಾರಿರ್ತಾರೆ, ಲೈಟ್ ಆರಿಸ್ತೀರಾ... ನರ್ಸು ತನಗೆ ತಿಳಿದಷ್ಟು ಹೇಳಿದ್ದಾಳೆ. ಎಲ್ಲ ಕೇಳಿಸಿಕೊಂಡು ಇವಳು ಅವಳ ಕೈಲಿ ಆಣೆ ಹಾಕಿಸಿಕೊಂಡ್ಲಂತೆ. ‘ನಾನು ಕೇಳಿದೆ ಅಂತ ಅಮ್ಮನಿಗೆ ಹೇಳಬೇಡಿ ಸಿಸ್ಟರ್, ಹೆದರ್ತಾಳೆ. ಸಿನಿಮಾದಲ್ಲಿ ಅಂಥದ್ದು ಬಂದ್ರೇ ಕಣ್ಣು ಮುಚ್ಕೋತಾಳೆ.’

ಹನ್ನೊಂದು ವರ್ಷದವಳು ಅಕ್ಕ. ನನಗೆ ಏನು ಹೇಳಬಹುದು, ಏನು ಹೇಳಬಾರದು ಅಂತ ಆ ಹಾಸಿಗೆ ಮೇಲೆ ಒಬ್ಬಳೇ ಕೂತು ಯೋಚನೆ ಮಾಡಿದ್ದಾಳೆ.