ಬಚ್ಚನ ದೊಡ್ಡ ಇಂಜಿನ್ನು

ತಾಯಂದಿರೇ, ಅಣ್ಣಂದಿರೇ, ಹೊಳೆ ಹೋಗಿ ಕಡಲು ಸೇರುವ ಕಡೆ ಒಂದು ಊರು. ಆ ಊರಲ್ಲೊಬ್ಬ ಮೀನುಗಾರನಿದ್ದ. ಶ್ರೀಮಂತನಲ್ಲ, ತೀರ ಬಡವನೂ ಅಲ್ಲ. ಅಪ್ಪನ ಕಾಲದ ಮರದ ದೋಣಿ, ಅದರ ಹಿಂಬದಿಗೆ ಕಟ್ಟಿದ ಹತ್ತು ಎಚ್‌ಪಿಯ ಇಂಜಿನ್ನು, ಮನೆಯಲ್ಲಿ ಹೆಂಡತಿ. ಅವನ ಹೆಸರು ಬಚ್ಚ, ಅವಳು ಗುಲಾಬಿ.

ಇಷ್ಟಿದ್ದೂ ಅವನಿಗೊಂದು ಹಸಿವಿತ್ತು. ಎಂಥ ಹಸಿವು? ಹೆಂಡತಿಯ ಮುಖ ನೋಡುವ ಹಸಿವು. ನಗಬೇಡಿ. ಒಂದೇ ಸೂರಿನಡಿ ಇರುವ ಗಂಡ ಹೆಂಡಿರಿಗೆ ಮುಖ ಕಾಣಲು ಏನು ಬರ ಅಂತೀರಾ? ನೋಡಿ, ಅವನು ಸಂಜೆ ಕಡಲಿಗಿಳಿದರೆ ಮರಳುವುದು ಬೆಳಿಗ್ಗೆ. ಅವಳು ಮೀನು ಮಾರುವವಳು. ಬೆಳಕು ಹರಿಯುವಾಗ ದೋಣಿಗಳು ಬಂದು ನಿಲ್ಲುವ ದಕ್ಕೆಯಲ್ಲಿ ಬುಟ್ಟಿ ತುಂಬಿಸಿಕೊಂಡು ಮೊದಲ ಬಸ್ಸಿಗೆ ಒಳನಾಡಿಗೆ ಹೊರಟುಬಿಡುತ್ತಾಳೆ. ಅವಳು ಮರಳುವ ಹೊತ್ತಿಗೆ ಅವನು ಮತ್ತೆ ಕಡಲಲ್ಲಿ. ಮುಚ್ಚಿಟ್ಟ ಗಂಜಿಯಲ್ಲಿ ಅವಳ ಕೈ, ಹಗ್ಗದ ಮೇಲಿನ ಒದ್ದೆ ಲುಂಗಿಯಲ್ಲಿ ಅವನ ಗುರುತು. ಸಂಸಾರ ಅಂದರೆ ಅಷ್ಟೇ ಆಗಿಬಿಟ್ಟಿತ್ತು.

ಮದುವೆಯಾದ ಹೊಸತರಲ್ಲಿ ಹೀಗಿರಲಿಲ್ಲ. ಆಗ ಮೀನು ದಡದ ಹತ್ತಿರವೇ ಸಿಗುತ್ತಿತ್ತು. ಅವನು ನಸುಕಿಗೇ ಬರುತ್ತಿದ್ದ. ಅವಳು ಮೊಣಕಾಲು ನೀರಿಗಿಳಿದು ದೋಣಿಯ ಮೂತಿ ಹಿಡಿಯುತ್ತಿದ್ದಳು. ಅವನ ಮೀನೇ ಅವಳ ಬುಟ್ಟಿಗೆ. ಈಗ ಅವಳು ಬೇರೆಯವರ ದೋಣಿಯ ಮೀನು ಕೊಳ್ಳುತ್ತಾಳೆ. ಅವನು ಹೊಳೆ ಕಡಲು ಸೇರುವ ಅಳಿವೆಯ ಬಾಯಿಗೆ ಬರುವಾಗ ಬಸ್ಸು ಸೇತುವೆ ದಾಟುತ್ತಿರುತ್ತದೆ. ಎಷ್ಟೊಂದು ಕಿಟಕಿ! ಅವಳದ್ದು ಯಾವುದು? ಅವನು ಸುಮ್ಮನೆ ಕೈ ಎತ್ತುತ್ತಿದ್ದ. ಯಾರಿಗೆ ಕಂಡೀತು?

ಬಚ್ಚ ಯೋಚಿಸಿದ: ಇಂಜಿನ್ ಸಣ್ಣದಾಯಿತು. ದೊಡ್ಡದಿದ್ದರೆ ಬಸ್ಸಿಗೆ ಮೊದಲೇ ದಡ ಮುಟ್ಟಬಹುದು. ನಾವೂ ಹೀಗೇ ಯೋಚಿಸುತ್ತೇವೆ, ಅಲ್ಲವೇ? ತಡವಾದರೆ ದೋಷ ಯಾವಾಗಲೂ ಇಂಜಿನ್ನಿನದು!

ಇಪ್ಪತ್ತೈದು ಎಚ್‌ಪಿಯದನ್ನು ತಂದು ಕಟ್ಟಿದ. ಮರುದಿನ ಮೀನು ತುಂಬಿಕೊಂಡು ದಡದತ್ತ ಪೂರ್ತಿ ವೇಗ ಕೊಟ್ಟ. ಏನಾಯಿತು? ಇಂಜಿನ್ ಗರ್ಜಿಸಿತು, ದೋಣಿಯ ಹಿಂಬದಿ ಕುಸಿಯಿತು, ಮೂತಿ ಆಕಾಶಕ್ಕೆ ಎದ್ದಿತು, ಹಿಂದೆ ಗೋಡೆಯಂಥ ಅಲೆ ಎದ್ದಿತು. ಓಟ ಮಾತ್ರ? ಮೊದಲಿಗಿಂತ ಒಂದಿಷ್ಟು ಹೆಚ್ಚು, ಅಷ್ಟೆ. ಸೇತುವೆಯ ಮೇಲೆ ಬಸ್ಸು ಕಾಣಿಸಿತು. ಅವನ ಕಣ್ಣು ಬಸ್ಸಿನ ಮೇಲೆ. ಎದ್ದ ಮೂತಿಯ ಮರೆಯಲ್ಲಿ ಎದುರು ಬರುತ್ತಿದ್ದ ಇನ್ನೊಂದು ದೋಣಿ ಕಾಣಿಸಲೇ ಇಲ್ಲ. ಯಾರೋ ಕೂಗಿದರು. ಗಾಬರಿಯಲ್ಲಿ ಇಂಜಿನ್ನಿನ ವೇಗ ತಟ್ಟನೆ ತಗ್ಗಿಸಿದ. ಆಗ ನೋಡಿ, ಹಿಂದೆ ಬರುತ್ತಿದ್ದ ಅಲೆ ನಿಲ್ಲುತ್ತದೆಯೇ? ತಾನೇ ಎಬ್ಬಿಸಿದ ಅಲೆ ಹಿಂಬದಿಯಿಂದ ಹತ್ತಿ ದೋಣಿಯೊಳಕ್ಕೆ ಸುರಿಯಿತು. ಹಿಡಿದ ಮೀನು ಮತ್ತೆ ಕಡಲಿಗೆ ತೇಲಿತು. ಎದುರಿನ ದೋಣಿಯವರು ಹಗ್ಗ ಎಸೆಯದಿದ್ದರೆ ಅವನೂ ಹೋಗುತ್ತಿದ್ದ.

ದೋಣಿ ಕಟ್ಟಿದ ಮುದಿ ಆಚಾರಿ ದಡದಲ್ಲಿ ಅದನ್ನು ತಟ್ಟಿ ನೋಡಿದ.

“ಬಚ್ಚ, ದೋಣಿ ಓಡುವಾಗ ತಾನೇ ಒಂದ್ ಅಲೆ ಎಬ್ಸತ್ತ್. ಹಗುರದ ಫೈಬರ್ ದೋಣಿ ಆ ಅಲೆ ಹತ್ತಿ ಹಾರತ್ತ್. ಇದ್ ಹಂಗಲ್ಲ ಮಾರಾಯ. ಮರದ್ದ್, ಭಾರದ್ದ್, ಗಿಡ್ಡದ್ದ್. ಇದ್ರ ಉದ್ದಕ್ಕೆ ತಕ್ಕ ಓಟ ಇದ್ರದ್ದ್. ಹತ್ತ್ ಎಚ್‌ಪಿಗೇ ಇದ್ ಓಡುವಷ್ಟ್ ಓಡ್ತಿತ್ತ್. ಮೇಲೆ ಹಾಕಿದ್ದೆಲ್ಲ ನೀರಲ್ಲಿ ಗುಂಡಿ ತೋಡುಕೆ ಆತ್.”

ಆವತ್ತು ದೋಣಿ ದಡದಲ್ಲೇ ಉಳಿಯಿತು. ಸಂಜೆ ಗುಲಾಬಿ ಖಾಲಿ ಬುಟ್ಟಿ ಹೊತ್ತು ಬಂದಾಗ ಗಂಡ ಜಗಲಿಯಲ್ಲಿ ಕೂತಿದ್ದ. ಅವಳು ಅಂಗಳದಲ್ಲೇ ನಿಂತು ನೋಡಿದಳು.

“ಹ್ವಾಯ್, ನಿಮ್ ಗಡ್ಡ ಬೆಳ್ಳಗೆ ಹಣ್ಣಾಯ್ತಲೆ! ನಾನ್ ಕಂಡೇ ಇರ್ಲಿಲ್ಲ.”

ಅವನು ಗಡ್ಡ ಸವರಿಕೊಂಡ. ಹೇಳಿದ, “ನಿನ್ನ ಬಸ್ಸಿಗಿಂತ ಮುಂಚೆ ಬರ್ಕಂತ ಇಂಜಿನ್ ತಂದೆ.”

“ಇಂಜಿನ್ ಎಂತಕ್ಕೆ? ಬೆಳ್ಳಿ ಮೂಡುವಾಗ ಮತ್ತೊಂದ್ ಬಲೆ ನೀರಿಗ್ ಬಿಡ್ತ್ರಿ ಅಲ್ದಾ? ಆ ಕಡೇ ಬಲೆ. ಅದನ್ ಬಿಡ್ದೆ ಹೊರಟ್ರೆ ಆತಿಲ್ಯಾ?”

“ಅದ್ ಯಾರಿಗಂತ ಬಿಡುದ್? ನಿಂಗಲ್ದಾ?”

“ನಾನ್ ಕೇಂಡಿದ್ನಾ?”

ಅಷ್ಟೇ ಅಂದಳು. ಒಳಗೆ ಹೋಗಿ ಒಲೆ ಹಚ್ಚಿದಳು. ಹೊಗೆಗೋ ಮತ್ತೇತಕ್ಕೋ, ಸೆರಗಿನಿಂದ ಕಣ್ಣೊರೆಸಿಕೊಳ್ಳುವುದು ಅವನಿಗೆ ಕಂಡಿತು.

ಬಚ್ಚ ಹಳೆಯ ಇಂಜಿನ್ನನ್ನೇ ಮತ್ತೆ ಕಟ್ಟಿ ಮರುದಿನ ಸಂಜೆ ಕಡಲಿಗಿಳಿದ. ಬೆಳ್ಳಿ ಮೂಡುವಾಗ ಸುತ್ತ ಇನ್ನೂ ಉಳಿದಿದ್ದ ದೋಣಿಗಳು ಕಡೆಯ ಬಲೆ ಬಿಡುತ್ತಿದ್ದವು. ಅವನ ಕೈಯೂ ಬಲೆಗೆ ಹೋಯಿತು. ಎಷ್ಟು ವರ್ಷದ ರೂಢಿ! ಎತ್ತಿದ ಬಲೆಯನ್ನು ಕೆಳಗಿಟ್ಟ. ಮೀನು ಕಡಿಮೆಯೇ. ಮೂತಿ ತಿರುಗಿಸಿದ. ದೋಣಿ ತನ್ನ ಪಾಡಿಗೆ ತನ್ನ ಓಟದಲ್ಲಿ ಬಂತು.

ದಕ್ಕೆಯಲ್ಲಿ ಗುಲಾಬಿ ಕಡಲಿಗೆ ಬೆನ್ನು ಹಾಕಿ ಯಾರದೋ ಮೀನಿಗೆ ಚೌಕಾಸಿ ಮಾಡುತ್ತಿದ್ದಳು. ಕಡಲ ಕಡೆ ನೋಡುವುದನ್ನೇ ಅವಳು ಬಿಟ್ಟು ಎಷ್ಟು ಕಾಲವಾಗಿತ್ತೋ! ಬಚ್ಚ ದೋಣಿಯಿಂದಲೇ ಕರೆದ. ಅವಳು ತಿರುಗಿದಳು. ಸೀರೆ ಎತ್ತಿಕಟ್ಟಿ ನೀರಿಗಿಳಿದು ದೋಣಿಯ ಮೂತಿಗೆ ಕೈ ಕೊಟ್ಟಳು. ಬಸ್ಸು ಬರುವವರೆಗೆ ಇಬ್ಬರೂ ಮೀನು ಆರಿಸುತ್ತ ಕೂತರು. ಕಳೆದುಹೋದ ಬೆಳಗುಗಳು ಮರಳಲಿಲ್ಲ ತಾಯಂದಿರೇ, ಮರಳುವುದೂ ಇಲ್ಲ. ಆ ಒಂದು ಬೆಳಗು ಮಾತ್ರ ಅವರದಾಯಿತು.

ಈಗ ನಿಮ್ಮನ್ನು ಕೇಳುತ್ತೇನೆ. ನಿಮ್ಮ ಮನೆಯಲ್ಲೂ ಯಾರದೋ ಗಡ್ಡ ಹಣ್ಣಾಗಿದೆ, ನೋಡಿದ್ದೀರಾ? ಬೇಗ ಮನೆ ಸೇರಲು ಇನ್ನೂ ವೇಗದ ಬೈಕು ಬೇಕು ಅನ್ನುತ್ತೀರಿ. ವೇಗ ಸಾಲದೆ ತಡವಾಗುತ್ತಿದೆಯೇ? ಅಲ್ಲ. ಹೊರಡುವ ಮನಸ್ಸು ಸಾಲದೆ. ಇನ್ನೊಬ್ಬ ಗಿರಾಕಿ ಬರಲಿ, ಇನ್ನೊಂದು ಫೋನು ಮುಗಿಯಲಿ, ಆಮೇಲೆ ಹೊರಡೋಣ; ಇದೇ ನಮ್ಮ ಕಡೆಯ ಬಲೆ. ಅದನ್ನು ನೀರಿಗೆ ಬಿಡುವುದೂ ‘ಮನೆಯವರಿಗಾಗಿ’ ಅನ್ನುತ್ತೇವೆ. ಅವರು ಕೇಳಿದ್ದಾರೆಯೇ? ಇವತ್ತು ಹೋಗಿ ಕೇಳಿ.

ನಾಳೆ ಸಂಜೆ ಅಂಗಡಿಯ ಬಾಗಿಲು ಒಂದಿಷ್ಟು ಮುಂಚೆ ಎಳೆಯಿರಿ. ಊಟಕ್ಕೆ ಒಟ್ಟಿಗೆ ಕೂತು, ಎದುರಿಗಿರುವವರ ಮುಖ ನೋಡಿ. ನಿಮ್ಮ ಕಡೆಯ ಬಲೆ ಯಾವುದು ಅಂತ ನನಗೆ ಗೊತ್ತಿಲ್ಲ, ನಿಮಗೆ ಗೊತ್ತು. ಕೈ ಅದರತ್ತ ಹೋದಾಗ ಒಂದು ಗಳಿಗೆ ನಿಲ್ಲಿ. ಬಲೆ ಕೆಳಗಿಡಿ. ಕಾಯುವವರು ಕಾಯುವುದನ್ನು ಬಿಡುವ ಮೊದಲೇ ದೋಣಿ ತಿರುಗಿಸಿ.